ರತ್ನಾಕರವರ್ಣಿಯ ಹೆಸರಿಗೆ ಅಂಟಿದ ಸೇಡಿನ ಕಥೆ

ಕನ್ನಡ ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಯೊಬ್ಬ ‘ಭರತೇಶವೈಭವ’ದ ಒಂದು ಸಂಧಿಯನ್ನಾದರೂ ಪೂರ್ತಿಯಾಗಿ ಓದಿರುತ್ತಾನೆಂದು ಹೇಳುವುದು ಕಷ್ಟ. ಆದರೆ ಆ ಕಾವ್ಯವನ್ನು ಬರೆದ ರತ್ನಾಕರವರ್ಣಿಯ ಪ್ರೇಮಪ್ರಕರಣ ಮಾತ್ರ ಅವನಿಗೆ ಕಂಠಪಾಠವಾಗಿರುತ್ತದೆ. ಕಾರ್ಕಳದ ಭೈರರಸನ ಆಸ್ಥಾನದಲ್ಲಿದ್ದ ಕವಿಯನ್ನು ಅರಸನ ಮಗಳು ಮೋಹಿಸಿದಳು. ಕವಿ ಯೋಗಾಭ್ಯಾಸದಿಂದ ದಶವಾಯುಗಳನ್ನು ವಶಮಾಡಿಕೊಂಡು ಉಪ್ಪರಿಗೆಯನ್ನೇರಿ ಅವಳನ್ನು ಕೂಡುತ್ತಿದ್ದ. ಗುಟ್ಟು ರಟ್ಟಾಗಿ ಅರಸನ ಕಡೆಯವರು ಹಿಡಿಯಲು ಬಂದಾಗ ಗುರುವಿನ ಬಳಿಗೆ ಹೋಗಿ ವ್ರತವನ್ನು ಸ್ವೀಕರಿಸಿದ. ಮುಂದೆ ತನ್ನ ಕಾವ್ಯವನ್ನು ಆನೆಯ ಮೇಲಿಟ್ಟು ಮೆರೆಯಿಸಬೇಕೆಂದು ಕೇಳಿದಾಗ, ಎರಡು ಮೂರು ಪದ್ಯಗಳು ಶಾಸ್ತ್ರವಿರುದ್ಧವಾಗಿವೆಯೆಂದು ಭಟ್ಟಾರಕರು ಒಪ್ಪಲಿಲ್ಲ. ಜಗಳ ಬೆಳೆಯಿತು. 700 ಶ್ರಾವಕರ ಮನೆಗಳಲ್ಲಿ ಅವನಿಗೆ ಅನ್ನವಿಡಕೂಡದೆಂದು ಕಟ್ಟು ಮಾಡಲಾಯಿತು. ಸೋದರಿಯ ಮನೆಯಲ್ಲಿ ಉಂಡು ದಿನ ಕಳೆದ ಕವಿ ಕೊನೆಗೆ ರೋಷದಿಂದ ವೀರಶೈವನಾದ. ಕೆಲವು ಕಾಲದ ಮೇಲೆ ಪಶ್ಚಾತ್ತಾಪಪಟ್ಟು ಜೈನಧರ್ಮಕ್ಕೆ ಮರಳಿದ.

ಪ್ರೇಮ, ದ್ರೋಹ, ಸೇಡು, ಮತಾಂತರ, ಪಶ್ಚಾತ್ತಾಪ. ಜನಪ್ರಿಯ ಕಥೆಯೊಂದಕ್ಕೆ ಬೇಕಾದುದೆಲ್ಲ ಇದರಲ್ಲಿದೆ. ಆದುದರಿಂದಲೇ ಇದು ಪಠ್ಯಪುಸ್ತಕಗಳ ಕವಿಪರಿಚಯದಲ್ಲಿ, ಪರೀಕ್ಷೆಯ ಟಿಪ್ಪಣಿಗಳಲ್ಲಿ, ಉಪನ್ಯಾಸಗಳಲ್ಲಿ, ‘ಎಂದು ಹೇಳಲಾಗುತ್ತದೆ’ ಎಂಬ ಎಚ್ಚರಿಕೆಯ ಮಾತನ್ನೂ ಕಳೆದುಕೊಂಡು ಚರಿತ್ರೆಯಾಗಿ ನಿಂತಿದೆ. ಒಬ್ಬರು ಇದನ್ನು ಜೈನ ಸಂಪ್ರದಾಯನಿಷ್ಠರು ತಮ್ಮ ಮಹಾಕವಿಯನ್ನು ಹೊರಗೆ ಅಟ್ಟಿದುದಕ್ಕೆ ಸಾಕ್ಷಿಯಾಗಿ ಎತ್ತಿ ತೋರಿಸುತ್ತಾರೆ. ಇನ್ನೊಬ್ಬರು ಹೋದವನು ಮರಳಿ ಬಂದನಲ್ಲ ಎಂದು ಧರ್ಮದ ಗೆಲುವಾಗಿ ಹೇಳಿಕೊಳ್ಳುತ್ತಾರೆ. ಇಬ್ಬರೂ ಕಥೆಯನ್ನು ನಂಬಿದ್ದಾರೆ. ಕಾವ್ಯವನ್ನು ಮಾತ್ರ ಬದಿಗಿಟ್ಟಿದ್ದಾರೆ. ಕನ್ನಡದ ಕಾವ್ಯಗಳಲ್ಲಿ ಸೇಡನ್ನು ಅತ್ಯಂತ ದಿಟ್ಟವಾಗಿ ನಿರಾಕರಿಸಿದ ಕವಿಯೊಬ್ಬನನ್ನು ಸೇಡಿನ ಕಥಾನಾಯಕನನ್ನಾಗಿ ಮಾಡಿರುವುದು ಸಾಹಿತ್ಯಚರಿತ್ರೆ ಅವನಿಗೆ ಎಸಗಿರುವ ಅನ್ಯಾಯ.

ಸಾಕ್ಷಿ ಯಾವುದು?

ರತ್ನಾಕರನ ಕಾಲ ತಿಳಿಯುವುದು ಅವನ ‘ತ್ರಿಲೋಕಶತಕ’ದಿಂದ. ಅದರಲ್ಲಿ ಸೂಚಿತವಾಗಿರುವ ಶಕವರ್ಷ 1479, ಎಂದರೆ ಕ್ರಿ.ಶ. 1557. ಅವನು ಮೂಡುಬಿದಿರೆಯವನು. ಮೇಲೆ ಹೇಳಿದ ಕಥೆ ಬರುವುದು ದೇವಚಂದ್ರನ ‘ರಾಜಾವಳಿಕಥೆ’ಯಲ್ಲಿ. ಮಲೆಯೂರಿನ ದೇವಚಂದ್ರ ಮೈಸೂರು ಅರಮನೆಯ ದೇವೀರಮ್ಮಣ್ಣಿಗಾಗಿ ಆ ಗ್ರಂಥವನ್ನು ಸಿದ್ಧಪಡಿಸಿದುದು 1838ರ ಹೊತ್ತಿಗೆ. ಕವಿಗೂ ಅವನ ಚರಿತ್ರಕಾರನಿಗೂ ನಡುವೆ ಸುಮಾರು 280 ವರ್ಷಗಳ ಅಂತರವಿದೆ. ಒಬ್ಬ ಕರಾವಳಿಯವನು, ಇನ್ನೊಬ್ಬ ಘಟ್ಟದ ಮೇಲಿನವನು. ಅಲ್ಲಿಂದ ಈ ಕಥೆ ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂಲಕ ಆಧುನಿಕ ಸಾಹಿತ್ಯಚರಿತ್ರೆಗೆ ಬಂದಿತು. ಮುಂದಿನವರು ಕಥೆಯನ್ನು ತೆಗೆದುಕೊಂಡರು, ಅದರ ಆಕರವನ್ನು ಕ್ರಮೇಣ ಕೈಬಿಟ್ಟರು.

ದೇವಚಂದ್ರನನ್ನು ಸುಳ್ಳುಗಾರನೆನ್ನುವುದು ಇಲ್ಲಿನ ಉದ್ದೇಶವಲ್ಲ. ಅವನು ಕೇಳಿದುದನ್ನು, ಓದಿದುದನ್ನು ಕೂಡಿಟ್ಟವನು. ಅವನಿಲ್ಲದಿದ್ದರೆ ಕರ್ನಾಟಕದ ಜೈನ ಐತಿಹ್ಯಗಳಲ್ಲಿ ಎಷ್ಟೋ ಅಳಿದುಹೋಗುತ್ತಿದ್ದವು. ಆದರೆ ಐತಿಹ್ಯವನ್ನು ಕೂಡಿಟ್ಟವನ ಶ್ರಮಕ್ಕೆ ಸಲ್ಲಬೇಕಾದ ಗೌರವ ಬೇರೆ, ಐತಿಹ್ಯಕ್ಕೆ ಶಾಸನದ ಪ್ರಾಮಾಣ್ಯವನ್ನು ಕೊಡುವುದು ಬೇರೆ.

ಕವಿಯ ಕೃತಿಗಳು ಏನು ಹೇಳುತ್ತವೆ? ವಿದ್ವಾಂಸರು ರತ್ನಾಕರನವೆಂದು ಒಪ್ಪಿರುವ ಕೃತಿಗಳು ‘ಭರತೇಶವೈಭವ’, ‘ತ್ರಿಲೋಕಶತಕ’, ‘ರತ್ನಾಕರಾಧೀಶ್ವರ ಶತಕ’, ‘ಅಪರಾಜಿತೇಶ್ವರ ಶತಕ’ ಮತ್ತು ‘ಅಣ್ಣಗಳ ಪದಗಳು’. ಎಲ್ಲವೂ ಜೈನಕೃತಿಗಳು. ವೀರಶೈವನಾಗಿದ್ದ ಕಾಲದಲ್ಲಿ ಅವನು ಶೈವಕೃತಿಗಳನ್ನು ಬರೆದನೆಂಬ ಮಾತೂ ಐತಿಹ್ಯದಲ್ಲಿ ಸೇರಿಕೊಂಡಿದೆ. ಆದರೆ ಅಂಥ ಒಂದು ಕೃತಿಯೂ ಅವನದೆಂದು ಸ್ಥಾಪಿತವಾಗಿಲ್ಲ. ‘ಭರತೇಶವೈಭವ’ದಲ್ಲಿ ಅವನು ಚಾರುಕೀರ್ತಿಯನ್ನು ದೀಕ್ಷಾಗುರುವೆಂದೂ ಹಂಸನಾಥನನ್ನು ಮೋಕ್ಷಗುರುವೆಂದೂ ಸ್ಮರಿಸುತ್ತಾನೆ. ಅನ್ನವನ್ನು ತಡೆಯಿಸಿದವರ ಮೇಲೆ ಹಲ್ಲು ಕಡಿಯುವ ಕವಿ ಈ ಪುಟಗಳಲ್ಲಿ ಎದುರಾಗುವುದಿಲ್ಲ.

ಇನ್ನೊಂದು ತರ್ಕದೋಷವನ್ನು ಸಂಶೋಧನ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಶತಕಗಳಲ್ಲಿ ವೈರಾಗ್ಯದ ಧ್ವನಿ ಗಾಢವಾಗಿರುವುದರಿಂದ ಅವು ಮರಳಿ ಬಂದ ಮೇಲಿನ ಪಶ್ಚಾತ್ತಾಪದ ಕೃತಿಗಳು ಎನ್ನುವ ವಾದವೊಂದಿದೆ. ಐತಿಹ್ಯವನ್ನು ನಂಬಿ ಕೃತಿಗಳನ್ನು ಹಿಂದುಮುಂದಾಗಿ ಜೋಡಿಸುವುದು, ಹಾಗೆ ಜೋಡಿಸಿದ ಕ್ರಮವನ್ನೇ ಐತಿಹ್ಯಕ್ಕೆ ಆಧಾರವೆಂದು ತೋರಿಸುವುದು: ಇದು ತನ್ನ ಬಾಲವನ್ನು ತಾನೇ ನುಂಗುವ ಹಾವಿನ ತರ್ಕ. ಶತಕದ ಪ್ರಕಾರಕ್ಕೆ ವೈರಾಗ್ಯ ಸಹಜವಾದುದು. ಅದಕ್ಕೆ ಕವಿಯ ಬಾಳಿನಲ್ಲಿ ಮತಾಂತರವೊಂದು ನಡೆದಿರಲೇಬೇಕೆಂದೇನೂ ಇಲ್ಲ.

ಕಾವ್ಯದಿಂದ ಹುಟ್ಟಿದ ಜೀವನಚರಿತ್ರೆ

ಕಥೆಯ ಮೊದಲ ಅರ್ಧವನ್ನು ಕಾವ್ಯದ ಪಕ್ಕದಲ್ಲಿಟ್ಟು ನೋಡಿದರೆ ಅದು ಎಲ್ಲಿಂದ ಬಂದಿತೆಂಬುದು ಹೊಳೆಯುತ್ತದೆ. ‘ಭರತೇಶವೈಭವ’ ಸುಮಾರು 10,000 ಸಾಂಗತ್ಯ ಪದ್ಯಗಳ, 80 ಸಂಧಿಗಳ ಕಾವ್ಯ. ಭೋಗವಿಜಯದಿಂದ ತೊಡಗಿ ದಿಗ್ವಿಜಯ, ಯೋಗವಿಜಯ, ಮೋಕ್ಷವಿಜಯ, ಅರ್ಕಕೀರ್ತಿವಿಜಯಗಳೆಂದು ಅದು ಮುಂದುವರಿಯುತ್ತದೆ. ಸಾವಿರಾರು ರಾಣಿಯರ ನಡುವಿನ ಚಕ್ರವರ್ತಿಯೊಬ್ಬ ಕಣ್ಣುಮುಚ್ಚಿದೊಡನೆ ಆತ್ಮಧ್ಯಾನದಲ್ಲಿ ಮುಳುಗಬಲ್ಲನೆಂಬುದೇ ಅದರ ಮುಖ್ಯ ಪ್ರತಿಪಾದನೆ. ಭೋಗವೂ ಯೋಗವೂ ಒಬ್ಬನೇ ವ್ಯಕ್ತಿಯಲ್ಲಿ ಒಟ್ಟಿಗೆ ಇರಬಲ್ಲವು.

ಈಗ ಐತಿಹ್ಯಕ್ಕೆ ಬರಬೇಕು. ಕವಿ ವಾಯುಗಳನ್ನು ವಶಮಾಡಿಕೊಳ್ಳುವುದು ಯೋಗ. ಉಪ್ಪರಿಗೆಯಲ್ಲಿ ರಾಜಕುಮಾರಿಯನ್ನು ಕೂಡುವುದು ಭೋಗ. ಕಾವ್ಯದ ತತ್ತ್ವವೇ ಇಲ್ಲಿ ಕವಿಯ ದಿನಚರಿಯಾಗಿದೆ. ಶೃಂಗಾರವನ್ನು ಇಷ್ಟು ಬಲ್ಲವನು ರಾಜಕುಮಾರಿಯನ್ನು ಪ್ರೀತಿಸಿರಲೇಬೇಕು, ಧ್ಯಾನವನ್ನು ಇಷ್ಟು ಬಲ್ಲವನು ಯೋಗಸಿದ್ಧನಾಗಿರಲೇಬೇಕು ಎಂದು ಹಿಂದಿನ ಓದುಗರು ಮೆಚ್ಚುಗೆಯಿಂದ ಕಟ್ಟಿದ ಕಥೆ ಇದು. ಇದನ್ನು ಕಾವ್ಯಕ್ಕೆ ಜನರು ಬರೆದ ಒಂದು ವ್ಯಾಖ್ಯಾನವೆಂದು ಓದಿದರೆ ಬೆಲೆಯುಳ್ಳದ್ದು. ಕವಿಯ ಚರಿತ್ರೆಯೆಂದು ಓದಿದರೆ ನಗೆಪಾಟಲು. ಆ ರಾಜಕುಮಾರಿಯ ಹೆಸರು ಈ ಐತಿಹ್ಯದಲ್ಲಿ ನಿಂತಿಲ್ಲ. ಗುಟ್ಟು ರಟ್ಟಾದ ಮೇಲೆ ಅವಳ ಗತಿಯೇನಾಯಿತೆಂದು ಕೇಳಿದವರಿಲ್ಲ. ಕವಿ ವ್ರತ ಹಿಡಿದೊಡನೆ ಕಥೆಗೆ ಅವಳು ಬೇಡವಾಗುತ್ತಾಳೆ. ಇದನ್ನು ಅಮರಪ್ರೇಮವೆಂದು ಬಣ್ಣಿಸುವವರು ಇಷ್ಟನ್ನಾದರೂ ಯೋಚಿಸಬೇಕಿತ್ತು.

ಅನ್ನ ತಪ್ಪಿದಾಗ ಮತ ತಪ್ಪುವ ಕಥೆಗಳು

ಕಥೆಯ ಎರಡನೆಯ ಅರ್ಧ ಇನ್ನೂ ಮುಖ್ಯವಾದುದು. ಗುರುಪೀಠ ಅವಮಾನ ಮಾಡುತ್ತದೆ, ಅವಮಾನ ಅನ್ನದ ಮೂಲಕ ಪ್ರಕಟವಾಗುತ್ತದೆ, ಅವಮಾನಿತನು ರೋಷದಿಂದ ಮತ ಬದಲಿಸುತ್ತಾನೆ. ಇದೇ ಅಚ್ಚಿನ ಇನ್ನೊಂದು ಕಥೆ ಹೊಯ್ಸಳ ವಿಷ್ಣುವರ್ಧನನ ಬಗ್ಗೆ ಪ್ರಸಿದ್ಧವಾಗಿದೆ. ಅರಸ ಒಂದು ಬೆರಳನ್ನು ಕಳೆದುಕೊಂಡಿದ್ದ. ಅಂಗಹೀನನ ಮನೆಯಲ್ಲಿ ಉಣ್ಣಲು ಜೈನಗುರು ಒಪ್ಪಲಿಲ್ಲ. ಕುಪಿತನಾದ ಅರಸ ರಾಮಾನುಜರ ಶಿಷ್ಯನಾದ. ಮುಂದೆ ಅವನು ಬಸದಿಗಳನ್ನು ಕೆಡವಿಸಿದನೆಂದೂ ಅದರ ಫಲವಾಗಿ ಅಡಗೂರಿನಲ್ಲಿ ಭೂಮಿ ಬಾಯ್ದೆರೆಯಿತೆಂದೂ ‘ರಾಜಾವಳಿಕಥೆ’ ಹೇಳುತ್ತದೆ.

ಶಾಸನಗಳು ಹೇಳುವುದೇ ಬೇರೆ. ಪಟ್ಟದರಸಿ ಶಾಂತಲೆ ಕೊನೆಯವರೆಗೂ ಜೈನಳಾಗಿಯೇ ಉಳಿದಳು. 1133ರಲ್ಲಿ ದೋರಸಮುದ್ರದಲ್ಲಿ ಪಾರ್ಶ್ವನಾಥ ಬಸದಿ ಪ್ರತಿಷ್ಠೆಯಾದಾಗ ಅರ್ಚಕರು ಬಂಕಾಪುರದಲ್ಲಿದ್ದ ವಿಷ್ಣುವರ್ಧನನಿಗೆ ಪ್ರಸಾದವನ್ನು ಒಯ್ದರು. ಯುದ್ಧದ ಜಯವೂ ಪುತ್ರಜನನವೂ ಒಟ್ಟಿಗೆ ಒದಗಿದ ಸಂತೋಷದಲ್ಲಿದ್ದ ಅರಸ ಆ ಪ್ರಸಾದವನ್ನು ಗೌರವದಿಂದ ಸ್ವೀಕರಿಸಿ ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟ. ಐತಿಹ್ಯದಲ್ಲಿ ಅನ್ನದ ನಿರಾಕರಣೆಯಿಂದ ಸಂಬಂಧ ಕಡಿಯುತ್ತದೆ. ಶಾಸನದಲ್ಲಿ ಬಸದಿಯ ಪ್ರಸಾದವೇ ಅರಸನ ಕೈ ಸೇರುತ್ತದೆ.

ಮೂರನೆಯ ನಿದರ್ಶನ ಬಿಜ್ಜಳನದು. ಧರಣಿಪಂಡಿತನ ‘ಬಿಜ್ಜಳರಾಯಚರಿತೆ’ಯಲ್ಲಿ ಬಸವಣ್ಣನ ಸೋದರಿಯನ್ನು ಬಿಜ್ಜಳ ಮೋಹಿಸುವುದು, ಆ ಸಂಬಂಧದಿಂದ ಬಸವಣ್ಣ ಅಧಿಕಾರಕ್ಕೆ ಬರುವುದು, ಕೊನೆಗೆ ವಿಷದ ಹಣ್ಣಿನಿಂದ ಅರಸ ಸಾಯುವುದು ಬರುತ್ತವೆ. ವೀರಶೈವ ಪುರಾಣಗಳು ಇದೇ ಘಟನಾವಳಿಯನ್ನು ತಲೆಕೆಳಗು ಮಾಡಿ ಬಿಜ್ಜಳನನ್ನು ದ್ರೋಹಿಯನ್ನಾಗಿ ಚಿತ್ರಿಸುತ್ತವೆ. ಬಿಜ್ಜಳ ಜೈನನಾಗಿದ್ದನೆಂಬುದಕ್ಕೇ ಶಾಸನಾಧಾರ ದುರ್ಬಲವೆಂಬುದನ್ನು ಎರಡೂ ಪಕ್ಷಗಳು ಮರೆಯುತ್ತವೆ.

ಮೂರು ಕಥೆಗಳ ಹೂರಣ ಒಂದೇ. ಒಂದು ಧರ್ಮದಿಂದ ಇನ್ನೊಂದಕ್ಕೆ ಜನರು, ಅರಸರು, ಮನೆತನಗಳು ಸರಿದುದಕ್ಕೆ ಬಹುಮುಖ ಕಾರಣಗಳಿದ್ದವು: ರಾಜಾಶ್ರಯದ ಪಲ್ಲಟ, ವ್ಯಾಪಾರದ ಹಿಡಿತ, ಹೊಸ ಭಕ್ತಿಪಂಥಗಳ ಆಕರ್ಷಣೆ, ಹಳೆಯ ಮಠಗಳ ಜಡತೆ. ಕೆಳದಿಯ ನಾಯಕರು ಕರಾವಳಿಗೆ ಇಳಿದ ಮೇಲೆ ತುಳುನಾಡಿನ ಜೈನ ಅರಸುಮನೆತನಗಳು ಒಂದೊಂದಾಗಿ ಸೊರಗಿದವು. 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ, 1586ರಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದ ಕಾರ್ಕಳದ ಭೈರರಸರೂ ಅದಕ್ಕೆ ಹೊರತಾಗಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕುಳಿತು ಹಿಂದಿರುಗಿ ನೋಡುವ ದೇವಚಂದ್ರನಿಗೆ ಕಾಣುವುದು ಕಳೆದುಕೊಂಡವುಗಳ ಪಟ್ಟಿ. ನೊಂದ ಸಮುದಾಯ ತನ್ನ ನಷ್ಟಕ್ಕೆ ಹುಡುಕಿಕೊಂಡ ವಿವರಣೆ ಈ ಕಥೆಗಳು. ಅವರು ನಮ್ಮ ತತ್ತ್ವ ಸಾಲದೆಂದು ಹೋದವರಲ್ಲ, ಒಂದು ಹೊತ್ತಿನ ಸಿಟ್ಟಿನಿಂದ ಹೋದವರು ಎಂದುಕೊಳ್ಳುವುದರಲ್ಲಿ ಒಂದು ಸಮಾಧಾನವಿದೆ. ಸಿಟ್ಟು ಇಳಿದರೆ ಮರಳಿ ಬರುತ್ತಾರೆಂಬ ಆಸೆಯೂ ಇದೆ. ರತ್ನಾಕರನನ್ನು ಕಥೆ ಕೊನೆಗೆ ಮರಳಿ ಕರೆತಂದುದು ಆ ಆಸೆಯಿಂದಲೇ.

ಈ ಸಮಾಧಾನದ ಬೆಲೆ ದೊಡ್ಡದು. ಮತಭೇದವೆಂಬುದು ವಿಚಾರದ ಭೇದವಾಗಿ ಉಳಿಯದೆ ದ್ರೋಹ ಮತ್ತು ಪ್ರತೀಕಾರಗಳ ಲೆಕ್ಕವಾಗುತ್ತದೆ. ಹೋದವನು ದ್ರೋಹಿ, ಬಂದವನು ಗೆದ್ದುತಂದ ಕೊಳ್ಳೆ. ಇಂದು ಪ್ರೀತಿಸಿ ಮದುವೆಯಾದ ಭಿನ್ನಮತದ ಜೋಡಿಯನ್ನು ಕಂಡೊಡನೆ ಸಂಚು, ಸೇಡು ಎಂಬ ಮಾತುಗಳನ್ನು ಆಡುವವರಿಗೆ ಈ ಹಳೆಯ ಕಥೆಗಳ ಅಚ್ಚೇ ಕೈಗೆ ಸಿಕ್ಕಿದೆ. ಸಾಹಿತ್ಯದ ತರಗತಿ ಆ ಅಚ್ಚನ್ನು ಒಡೆದು ತೋರಿಸಬೇಕಾದ ಸ್ಥಳ. ಅದನ್ನು ಪರೀಕ್ಷೆಯ ಉತ್ತರವಾಗಿ ಉರುಹೊಡೆಸುವ ಸ್ಥಳವಲ್ಲ.

ಜೈನ ಓದುಗರು ಎದುರಿಸಬೇಕಾದ ಪ್ರಶ್ನೆ

ಇಷ್ಟಾದ ಮೇಲೆ, ಕಥೆ ಚರಿತ್ರೆಯಲ್ಲವಾದರೆ ತಮ್ಮ ಮೇಲಿನ ಆರೋಪವೂ ಬಿದ್ದುಹೋಯಿತೆಂದು ಜೈನ ಸಮಾಜದವರು ನಿಟ್ಟುಸಿರು ಬಿಡುವಂತಿಲ್ಲ. ಈ ಕಥೆಯನ್ನು ಹೇಳಿದವನು ವೈರಿಯಲ್ಲ, ಜೈನನೇ. ಕಾವ್ಯದ ಎರಡು ಮೂರು ಪದ್ಯಗಳಿಗಾಗಿ ಕವಿಯ ಅನ್ನವನ್ನು ಕಿತ್ತುಕೊಳ್ಳುವುದು ತನ್ನ ಸಮಾಜದಲ್ಲಿ ನಡೆಯಬಹುದಾದ ಸಂಗತಿಯೆಂದು ಅವನಿಗೂ ಅವನಿಗೆ ಹೇಳಿದವರಿಗೂ ತೋರಿತ್ತು. ಐತಿಹ್ಯದ ನಿಜ ಇರುವುದು ಇಲ್ಲಿ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ಜೈನಧರ್ಮ ಶ್ರಾವಕನ ಕರ್ತವ್ಯವೆಂದು ಬೋಧಿಸುತ್ತದೆ. ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆ ಈ ಪರಂಪರೆಯ ಮನೆಮಗಳು. ಧವಳಾ, ಜಯಧವಳಾ, ಮಹಾಬಂಧಗಳಂಥ ಮಹಾಗ್ರಂಥಗಳ ತಾಡವಾಲೆಗಳನ್ನು ಶತಮಾನಗಳ ಕಾಲ ಕಾಪಾಡಿದುದು ರತ್ನಾಕರನ ಹುಟ್ಟೂರಾದ ಮೂಡುಬಿದಿರೆಯೇ. ಅಂಥ ಪರಂಪರೆಗೆ ಸೇರಿದವರು, ಐತಿಹ್ಯದ ಪ್ರಕಾರ, ಒಂದು ಗ್ರಂಥವನ್ನು ತಡೆದು ಶಾಸ್ತ್ರದಾನಕ್ಕೂ, ಒಬ್ಬನ ಅನ್ನವನ್ನು ತಡೆದು ಆಹಾರದಾನಕ್ಕೂ ಏಕಕಾಲದಲ್ಲಿ ಚ್ಯುತಿ ತಂದರು. ಅನೇಕಾಂತವಾದವನ್ನು ಲೋಕಕ್ಕೆ ಕೊಟ್ಟೆವೆಂದು ಹೆಮ್ಮೆಪಡುವವರಿಗೆ ಎರಡು ಪದ್ಯಗಳ ಇನ್ನೊಂದು ನೋಟವನ್ನು ಸಹಿಸಲಾಗಲಿಲ್ಲವೆ? ಕಥೆಯನ್ನು ಪ್ರೇಮಪ್ರಕರಣವಾಗಿ ಹೇಳುತ್ತ ಹೋದಷ್ಟೂ ಈ ಪ್ರಶ್ನೆ ಮರೆಯಾಗುತ್ತದೆ. ಕವಿಯ ಸಿಟ್ಟು ದೊಡ್ಡದಾಗಿ, ಪೀಠದ ಅಧಿಕಾರ ಚಿಕ್ಕದಾಗಿ ಕಾಣುತ್ತದೆ. ಕಾವ್ಯಸ್ವಾತಂತ್ರ್ಯದ ಪ್ರಶ್ನೆಯೊಂದು ಮುಂಗೋಪಿ ಕವಿಯೊಬ್ಬನ ಸ್ವಭಾವದೋಷಕ್ಕೆ ಇಳಿಯುತ್ತದೆ.

ಐತಿಹ್ಯದಲ್ಲಿ ಒಬ್ಬಳು ಮಾತ್ರ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಾಳೆ, ಅವಳು ಕವಿಯ ಸೋದರಿ. 700 ಮನೆಗಳ ಬಾಗಿಲು ಮುಚ್ಚಿದಾಗ ಅವಳ ಮನೆಯ ಬಾಗಿಲು ತೆರೆದಿತ್ತು. ಅಳಿಯಸಂತಾನದ ತುಳುನಾಡಿನಲ್ಲಿ ಸೋದರಿಯ ಮನೆಯೆಂದರೆ ಗಂಡಸಿಗೆ ತನ್ನ ಮನೆಯೇ. ಕಥೆ ಕಟ್ಟಿದವರು ಆ ನೆಲದ ಬಾಳನ್ನು ಬಲ್ಲವರಾಗಿದ್ದರು. ಪ್ರೇಮವೆಂಬ ಮಾತಿಗೆ ಈ ಕಥೆಯಲ್ಲಿ ಎಲ್ಲಾದರೂ ಅರ್ಥವಿದ್ದರೆ ಅದು ಉಪ್ಪರಿಗೆಯಲ್ಲಿಲ್ಲ, ಆ ಅಡುಗೆಮನೆಯಲ್ಲಿದೆ. ಕವಿಪರಿಚಯಗಳಲ್ಲಿ ಅವಳಿಗೆ ಸಿಗುವುದು ಅರ್ಧ ವಾಕ್ಯ.

ಸೇಡನ್ನು ತೆಗೆದುಹಾಕಿದ ಕವಿ

ಕೊನೆಗೂ ಕವಿಯನ್ನು ಅಳೆಯಬೇಕಾದುದು ಅವನ ಕಾವ್ಯದಿಂದ. ಭರತ-ಬಾಹುಬಲಿಗಳ ಕಥೆ ಜಿನಸೇನರಿಂದ, 941ರಲ್ಲಿ ‘ಆದಿಪುರಾಣ’ ಬರೆದ ಪಂಪನಿಂದ ರತ್ನಾಕರನಿಗೆ ಬಂದಿತು. ಆ ಪರಂಪರೆಯಲ್ಲಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಅಣ್ಣ ಸೋಲುತ್ತಾನೆ. ಎತ್ತಿಹಿಡಿದ ಅಣ್ಣನನ್ನು ನೆಲಕ್ಕೆ ಅಪ್ಪಳಿಸದೆ ಬಾಹುಬಲಿ ಇಳಿಸುತ್ತಾನೆ. ಸೋತ ಅಣ್ಣ ಯುದ್ಧನಿಯಮವನ್ನು ಮೀರಿ ತಮ್ಮನ ಮೇಲೆ ಚಕ್ರವನ್ನು ಪ್ರಯೋಗಿಸುತ್ತಾನೆ. ಅದು ದ್ರೋಹ. ಆ ದ್ರೋಹಕ್ಕೆ ಪ್ರತೀಕಾರ ಮಾಡಬಲ್ಲ ತೋಳುಗಳಿದ್ದೂ ಬಾಹುಬಲಿ ಎಲ್ಲವನ್ನೂ ತೊರೆದು ನಿಲ್ಲುತ್ತಾನೆ. ಕಾರ್ಕಳದ ಬೆಟ್ಟದ ಮೇಲೆ 42 ಅಡಿ ಎತ್ತರಕ್ಕೆ ನಿಂತಿರುವುದು ಆ ತೊರೆದ ಗಳಿಗೆಯೇ.

ಗೊಮ್ಮಟ ಪ್ರತಿಷ್ಠೆಯಾಗಿ 125 ವರ್ಷಗಳಾದ ಮೇಲೆ, ಅದೇ ಪರಿಸರದ ರತ್ನಾಕರ ಆ ಕಥೆಯನ್ನು ಮತ್ತೆ ಹೇಳಲು ಕುಳಿತ. ಅವನು ಅಣ್ಣತಮ್ಮಂದಿರ ಕಾಳಗವನ್ನೇ ಕೈಬಿಟ್ಟ. ಅವನ ಭರತ ಮಾತಿನಿಂದ ತಮ್ಮನ ಮನಸ್ಸನ್ನು ಗೆಲ್ಲುತ್ತಾನೆ. ಚಕ್ರ ಕೊಲ್ಲುವ ಆಯುಧವಾಗಿ ಬರುವುದಿಲ್ಲ. ಪೂರ್ವಪುರಾಣದ ಅತ್ಯಂತ ನಾಟಕೀಯವಾದ ಭಾಗವನ್ನು, ಯಾವ ಕವಿಯೂ ಬಿಟ್ಟುಕೊಡಲು ಹಿಂಜರಿಯುವಂಥ ಸಂದರ್ಭವನ್ನು, ಅವನು ತಿಳಿದೇ ಬಿಟ್ಟ. ಇದರಿಂದ ಕಾವ್ಯ ಒಂದು ಶಿಖರವನ್ನು ಕಳೆದುಕೊಂಡಿತೆಂದೂ ಬಾಹುಬಲಿಯ ತ್ಯಾಗದ ತೂಕ ತಗ್ಗಿತೆಂದೂ ಆಕ್ಷೇಪಿಸಬಹುದು. ಆ ಆಕ್ಷೇಪದಲ್ಲಿ ಹುರುಳಿದೆ. ಆದರೆ ಆಕ್ಷೇಪಿಸುವವರೂ ಅವನ ಆಯ್ಕೆಯ ದಿಕ್ಕನ್ನು ಅಲ್ಲಗಳೆಯಲಾರರು. ದ್ರೋಹವೂ ಸೇಡಿನ ಸಾಧ್ಯತೆಯೂ ಇಲ್ಲದೆ ಇಬ್ಬರ ನಡುವಿನ ಬಿಕ್ಕಟ್ಟು ತೀರಬಹುದೆಂದು ನಂಬಿದ ಕವಿ ಇವನು. ಆ ನಂಬಿಕೆಗಾಗಿ ಪರಂಪರೆಯನ್ನೇ ತಿದ್ದಲು ಹೆದರದವನು. ಶಾಸ್ತ್ರವಿರುದ್ಧವಾದ ಪದ್ಯಗಳೆಂಬ ಐತಿಹ್ಯದ ಮಾತಿಗೆ ನೆಲೆಯೇನಾದರೂ ಇದ್ದರೆ ಇಂಥ ತಿದ್ದುಪಡಿಗಳಲ್ಲಿ ಇರಬೇಕು.

ಕಾವ್ಯದ ಮೊದಲಿಗೆ ಅವನು ಬಯಸುವುದು ಕನ್ನಡಿಗರು, ತೆಲುಗರು, ತುಳುವರು ತಂತಮ್ಮ ಮಾತಿನಲ್ಲಿ ಚೆನ್ನಾಗಿದೆಯೆಂದು ಮೆಚ್ಚಿ ಮೈಯುಬ್ಬಿ ಕೇಳಬೇಕೆಂಬುದನ್ನು. ಕೇಳುಗರ ಮತವನ್ನು ಅವನು ಅಲ್ಲಿ ವಿಚಾರಿಸಲಿಲ್ಲ. ಅವನ ಮತವನ್ನು ಮಾತ್ರ ಎಲ್ಲರೂ ವಿಚಾರಿಸುತ್ತಿದ್ದಾರೆ: ಯಾವಾಗ ಹೋದ, ಯಾಕೆ ಹೋದ, ಯಾವಾಗ ಬಂದ. ರತ್ನಾಕರವರ್ಣಿಯನ್ನು ಪಾಠ ಮಾಡುವವರು ಇನ್ನು ಮುಂದೆ ಒಂದು ಕೆಲಸ ಮಾಡಬಹುದು. ಉಪ್ಪರಿಗೆಯ ಕಥೆಯನ್ನು ‘ರಾಜಾವಳಿಕಥೆ’ಯ ಪಾಠಕ್ಕೆ ಬಿಟ್ಟು, ಅದಕ್ಕೆ ವ್ಯಯವಾಗುತ್ತಿದ್ದ ಗಂಟೆಯಲ್ಲಿ ಪಂಪನ ಭರತ-ಬಾಹುಬಲಿ ಪ್ರಸಂಗವನ್ನೂ ರತ್ನಾಕರನ ಪ್ರಸಂಗವನ್ನೂ ಎದುರುಬದುರು ಇಟ್ಟು ಓದಿಸಬಹುದು. ಕಾಳಗ ಯಾಕೆ ಇಲ್ಲ ಎಂದು ತರಗತಿಯಲ್ಲಿ ಒಬ್ಬನಾದರೂ ಕೇಳಿದರೆ ಕವಿಗೆ ಸಲ್ಲಬೇಕಾದುದರಲ್ಲಿ ಸ್ವಲ್ಪವಾದರೂ ಸಂದಂತಾಗುತ್ತದೆ.